ಕಾಣುವ ಕಣ್ಣು, ನಿರ್ಣಯಿಸುವ ಮಿದುಳು

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ಕನ್ನಡನಾಡಿನ ಹಿರಿಯರ ಎಚ್ಚರಿಕೆಯ ಮಾತು. ಕಣ್ಣಾರೆ ಕಂಡದ್ದನ್ನು ಮತ್ತೆ ಪ್ರಮಾಣಿಸುವುದೇಕೆ? ಮಬ್ಬುಗತ್ತಲೆಯಲ್ಲಿ ದಾರಿಯ ಮೇಲೆ ಬಿದ್ದ ಹಗ್ಗವನ್ನು ಹಾವೆಂದು ಬಗೆದು ಬೆಚ್ಚುವ ದಾರಿಹೋಕನ ಕಣ್ಣಿನಲ್ಲಿ ದೋಷವೇನೂ ಇರುವುದಿಲ್ಲ. ಹಗ್ಗದಿಂದ ಹೊರಟ ಬೆಳಕೇ ಅವನ ಅಕ್ಷಿಪಟಲವನ್ನು ಮುಟ್ಟಿರುತ್ತದೆ. ಆ ಬೆಳಕು ತಂದ ಅರೆಬರೆ ಸುದ್ದಿಯನ್ನು 'ಇದು ಹಾವು' ಎಂಬ ತೀರ್ಮಾನವಾಗಿ ಮಾರ್ಪಡಿಸುವುದು ಕಣ್ಣಿನ ಹಿಂದಿರುವ ಮಿದುಳು. ವೇದಾಂತಿಗಳು ಬಹುಕಾಲದಿಂದ ದೃಷ್ಟಾಂತವಾಗಿ ಬಳಸುತ್ತ ಬಂದ ಈ ಪ್ರಸಂಗವು ನರವಿಜ್ಞಾನಿಗಳಿಗೂ ಮೂಲಭೂತವಾದ ಪ್ರಶ್ನೆಯೊಂದನ್ನು ಒಡ್ಡುತ್ತದೆ. ಮಿದುಳಿನೊಳಗಿನ ಯಾವ ಕ್ರಿಯೆ ಈ ನಿರ್ಣಯಕ್ಕೆ ಕಾರಣ? ಯಾವುದು ಕೇವಲ ಅದರ ಜೊತೆಗೆ ನಡೆಯುವಂಥದು?

ಮಿದುಳಿನ ಬೇರೆ ಬೇರೆ ಭಾಗಗಳು ಬೇರೆ ಬೇರೆ ಬಗೆಯ ನೋಟಕ್ಕೆ ನೆರವಾಗುತ್ತವೆ ಎಂಬುದಕ್ಕೆ 1983ರಲ್ಲಿ ಜರ್ಮನಿಯ ಜೋಸೆಫ್ ಝೀಲ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ರೋಗಿಯೊಬ್ಬಳ ವೃತ್ತಾಂತ ಪ್ರಸಿದ್ಧ ನಿದರ್ಶನವಾಗಿದೆ. ಮಿದುಳಿನ ಹಿಂಬದಿಯ ಎರಡೂ ಪಾರ್ಶ್ವಗಳಿಗೆ ಹಾನಿಯಾಗಿದ್ದ ಆ ಮಹಿಳೆ ಬಣ್ಣವನ್ನೂ ಆಕಾರವನ್ನೂ ಗುರುತಿಸಬಲ್ಲವಳಾಗಿದ್ದಳು. ಚಲನೆ ಮಾತ್ರ ಅವಳಿಗೆ ಕಾಣದಾಗಿತ್ತು. ಬಟ್ಟಲಿಗೆ ಸುರಿಯುವ ಚಹಾ ಹೆಪ್ಪುಗಟ್ಟಿ ನಿಂತಂತೆ ತೋರುತ್ತಿತ್ತು. ಬಟ್ಟಲು ತುಂಬುತ್ತಿರುವುದು ತಿಳಿಯುತ್ತಿರಲಿಲ್ಲ. ದೂರದಲ್ಲಿ ಕಂಡ ಮೋಟಾರು ಮರುಕ್ಷಣವೇ ಮೈಮೇಲೆ ಬಂದಂತಾಗುತ್ತಿದ್ದುದರಿಂದ ರಸ್ತೆ ದಾಟುವುದೇ ಅವಳಿಗೆ ಅಪಾಯದ ಕೆಲಸವಾಗಿತ್ತು.

ಚಲನೆಯ ಗ್ರಹಿಕೆಯನ್ನು ನರಕೋಶಗಳ ಮಟ್ಟದಲ್ಲಿ ಅರಿಯಲು ನಡೆದ ಪ್ರಯೋಗಗಳಲ್ಲಿ ಅಮೆರಿಕದ ವಿಲಿಯಂ ನ್ಯೂಸಮ್ ಮತ್ತು ಅವರ ಸಹೋದ್ಯೋಗಿಗಳ ಕಾರ್ಯ ಗಣ್ಯವಾದುದು. ಅವರು ತರಬೇತಿ ಪಡೆದ ಕೋತಿಗಳ ಮುಂದೆ ತೆರೆಯೊಂದನ್ನಿಟ್ಟು ಅದರಲ್ಲಿ ನೂರಾರು ಚುಕ್ಕೆಗಳನ್ನು ತೋರಿಸಿದರು. ಬಹುಪಾಲು ಚುಕ್ಕೆಗಳು ದಿಕ್ಕುದೆಸೆಯಿಲ್ಲದೆ ಮಿನುಗುತ್ತಿದ್ದವು. ಕೆಲವು ಮಾತ್ರ ಒಂದೇ ದಿಕ್ಕಿಗೆ ಸಾಗುತ್ತಿದ್ದವು. ಆ ದಿಕ್ಕು ಯಾವುದೆಂಬುದನ್ನು ಕೋತಿ ತನ್ನ ಕಣ್ಣನ್ನು ಹೊರಳಿಸಿ ಸೂಚಿಸಬೇಕಾಗಿತ್ತು. ಜೊತೆಗೂಡಿ ಸಾಗುವ ಚುಕ್ಕೆಗಳ ಪ್ರಮಾಣ ಇಳಿದಂತೆಲ್ಲ ನಿರ್ಣಯ ಕಠಿಣವಾಗುತ್ತಿತ್ತು. ಅದೇ ವೇಳೆಗೆ ಮಿದುಳಿನ 'ಎಂ.ಟಿ.' ಎಂದು ಕರೆಯಲಾಗುವ ಕ್ಷೇತ್ರದ ಒಂದೊಂದೇ ನರಕೋಶದ ವಿದ್ಯುತ್ ಸ್ಪಂದನಗಳನ್ನು ದಾಖಲಿಸಲಾಯಿತು. ಈ ಕ್ಷೇತ್ರದ ಒಂದೊಂದು ನರಕೋಶವೂ ತನಗೆ ಒಗ್ಗಿದ ದಿಕ್ಕಿನ ಚಲನೆಗೆ ಹೆಚ್ಚಾಗಿ ಸ್ಪಂದಿಸುತ್ತದೆ. ಇಂಥ ಒಂದು ನರಕೋಶದ ಸ್ಪಂದನಗಳನ್ನು ಎಣಿಸಿ ದಿಕ್ಕನ್ನು ಊಹಿಸಿದರೆ, ಆ ಊಹೆಯು ಇಡೀ ಪ್ರಾಣಿಯ ತೀರ್ಪಿನಷ್ಟೇ ಸೂಕ್ಷ್ಮವಾಗಿರಬಲ್ಲದು ಎಂದು 1989ರಲ್ಲಿ ಅವರು ತೋರಿಸಿದರು.

ಆದರೆ ಕೋಳಿ ಕೂಗುವುದಕ್ಕೂ ಬೆಳಗಾಗುವುದಕ್ಕೂ ಹೊಂದಿಕೆಯಿರುವುದರಿಂದ ಕೂಗೇ ಬೆಳಗಿಗೆ ಕಾರಣವೆನ್ನಲಾಗದು. ಕಾರಣವನ್ನು ಅರಿಯಬೇಕಾದರೆ ಕೈಹಾಕಿ ನೋಡಬೇಕು. ಡೇನಿಯಲ್ ಸಾಲ್ಜ್‌ಮನ್, ಕೆನೆತ್ ಬ್ರಿಟನ್ ಮತ್ತು ನ್ಯೂಸಮ್ 1990ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಮಾಡಿತು. ಒಂದೇ ದಿಕ್ಕಿಗೆ ಒಗ್ಗಿದ ನರಕೋಶಗಳು ಗುಂಪುಗೂಡಿರುವ ಎಡೆಯಲ್ಲಿ ಸೂಕ್ಷ್ಮವಾದ ತಂತಿಯನ್ನಿಳಿಸಿ, ಕೇವಲ 10 ಮೈಕ್ರೋ ಆಂಪಿಯರ್ ಅಳತೆಯ ವಿದ್ಯುತ್ತನ್ನು ಹರಿಸಲಾಯಿತು. ತೆರೆಯ ಮೇಲಿನ ಚುಕ್ಕೆಗಳಲ್ಲಿ ಯಾವ ಬದಲಾವಣೆಯನ್ನೂ ಮಾಡಿರಲಿಲ್ಲ. ಆದರೂ ಕೋತಿಯ ತೀರ್ಪು ಆ ನರಕೋಶಗಳಿಗೆ ಒಗ್ಗಿದ ದಿಕ್ಕಿನತ್ತ ವಾಲಿತು. ಹೊರಗಿನ ಸಾಕ್ಷ್ಯ ಇದ್ದಂತೆಯೇ ಇರಲು ಒಳಗಿನ ಕ್ರಿಯೆಯೊಂದು ನಿರ್ಣಯವನ್ನು ತಿರುಗಿಸಬಲ್ಲದೆಂಬುದು ಇದರಿಂದ ಸ್ಪಷ್ಟವಾಯಿತು.

ಮಾನವರ ವಿಷಯದಲ್ಲಿಯೂ ಇದಕ್ಕೆ ಹೋಲುವ ನಿದರ್ಶನವಿದೆ. ಮೂರ್ಛೆರೋಗದ ಚಿಕಿತ್ಸೆಗಾಗಿ ಮಿದುಳಿನಲ್ಲಿ ವಿದ್ಯುದ್ವಾರಗಳನ್ನು ಇರಿಸಿಕೊಂಡಿದ್ದ ರೋಗಿಯೊಬ್ಬನ ವೃತ್ತಾಂತವನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಜ್ಞರು 2012ರಲ್ಲಿ ಪ್ರಕಟಿಸಿದರು. ಮುಖಗಳ ಗ್ರಹಿಕೆಗೆ ಸಂಬಂಧಿಸಿದ ಭಾಗಕ್ಕೆ ಅಲ್ಪ ವಿದ್ಯುತ್ತು ಹರಿದಾಗ ಎದುರಿಗಿದ್ದ ವೈದ್ಯರ ಮುಖ ವಿಕಾರಗೊಂಡು ಬೇರೊಬ್ಬರಂತೆ ಕಂಡಿತೆಂದು ಅವನು ತಿಳಿಸಿದನು. ಉಳಿದುದೆಲ್ಲ ಇದ್ದಂತೆಯೇ ಇತ್ತು.

ವಿದ್ಯುತ್ತಿನ ತಳ್ಳುವಿಕೆಯಿಲ್ಲದೆಯೂ ಮಿದುಳಿನ ಸಹಜ ಏರಿಳಿತವು ನೋಟದೊಡನೆ ನಂಟು ಹೊಂದಿರುತ್ತದೆ. ಒಮ್ಮೆ ಹೂದಾನಿಯಾಗಿಯೂ ಒಮ್ಮೆ ಎದುರುಬದುರಾದ ಎರಡು ಮುಖಗಳಾಗಿಯೂ ಕಾಣುವ ಚಿತ್ರವು ಡೆನ್ಮಾರ್ಕಿನ ಮನೋವಿಜ್ಞಾನಿ ಎಡ್ಗರ್ ರೂಬಿನ್ ಅವರ ಹೆಸರಿನಿಂದ ಪ್ರಸಿದ್ಧವಾಗಿದೆ. ಈ ಚಿತ್ರವನ್ನು ತೋರಿಸುವುದಕ್ಕೆ ಮೊದಲೇ ಮುಖಗಳಿಗೆ ಸ್ಪಂದಿಸುವ ಭಾಗದ ಚಟುವಟಿಕೆ ಹೆಚ್ಚಾಗಿದ್ದ ಸಂದರ್ಭಗಳಲ್ಲಿ ನೋಡುಗರು ಮುಖಗಳನ್ನೇ ಹೆಚ್ಚಾಗಿ ಕಂಡರೆಂದು ಗಿಡೊ ಹೆಸೆಲ್‌ಮನ್ ಮತ್ತು ಸಂಗಡಿಗರು 2008ರಲ್ಲಿ ವರದಿಮಾಡಿದರು. ಚಿತ್ರ ಒಂದೇ, ಕಣ್ಣು ಒಂದೇ. ನೋಡುವ ಮುನ್ನಿನ ಮಿದುಳಿನ ಸ್ಥಿತಿ ಮಾತ್ರ ಬೇರೆ.

ಆದರೂ ಇಲ್ಲಿ ಆತುರ ಸಲ್ಲದು. ಮಿದುಳಿನ ಪಾರ್ಶ್ವಭಿತ್ತಿಯಲ್ಲಿ 'ಎಲ್.ಐ.ಪಿ.' ಎಂಬ ಇನ್ನೊಂದು ಕ್ಷೇತ್ರವಿದೆ. ಕೋತಿ ಚುಕ್ಕೆಗಳನ್ನು ನೋಡುತ್ತಿರುವಾಗ ಇಲ್ಲಿನ ನರಕೋಶಗಳ ಸ್ಪಂದನವು ತಕ್ಕಡಿಗೆ ಕಾಳು ಬೀಳುತ್ತ ಬಂದಂತೆ ಹಂತಹಂತವಾಗಿ ಏರುತ್ತದೆಂದೂ, ಒಂದು ಮಟ್ಟವನ್ನು ಮುಟ್ಟಿದಾಗ ನಿರ್ಣಯವಾಗುತ್ತದೆಂದೂ ಮೈಕೇಲ್ ಶ್ಯಾಡ್ಲೆನ್ ಮೊದಲಾದವರ ಅಧ್ಯಯನಗಳು ಸೂಚಿಸಿದ್ದವು. ನಿರ್ಣಯದ ಪೀಠವೇ ಇದೆಂದು ಅನೇಕರು ಭಾವಿಸಿದರು. ಆದರೆ 2016ರಲ್ಲಿ ಟೆಕ್ಸಾಸ್‌ನ ವಿಜ್ಞಾನಿಗಳು ಎರಡೂ ಕ್ಷೇತ್ರಗಳನ್ನು ಔಷಧದಿಂದ ತಾತ್ಕಾಲಿಕವಾಗಿ ಸ್ತಬ್ಧಗೊಳಿಸಿ ನೋಡಿದರು. ಎಂ.ಟಿ. ಸ್ತಬ್ಧವಾದಾಗ ಕೋತಿಗಳ ತೀರ್ಪು ಬಹಳವಾಗಿ ಕೆಟ್ಟಿತು, ಎಲ್.ಐ.ಪಿ. ಸ್ತಬ್ಧವಾದಾಗ ಅಳತೆಗೆ ಸಿಗುವಷ್ಟು ವ್ಯತ್ಯಾಸವೇ ಕಾಣಲಿಲ್ಲ! 2019ರಲ್ಲಿ ಬೇರೊಂದು ತಂಡವು ಈ ಭಾಗಕ್ಕೂ ಕಾರಣಪಾತ್ರವಿದೆಯೆಂದು ತೋರಿಸಿತು. ಅದು ಸ್ತಬ್ಧವಾದಾಗ ಆಗುವ ಕೊರತೆಯನ್ನು ಮಿದುಳು ಕ್ರಮೇಣ ತುಂಬಿಕೊಳ್ಳುತ್ತದೆಂದು 2022ರ ಅಧ್ಯಯನವೊಂದು ವಿವರಿಸಿತು. ನಿರ್ಣಯವು ಒಂದೇ ಎಡೆಯಲ್ಲಿ ಕುಳಿತ ಅಧಿಕಾರಿಯ ಆಜ್ಞೆಯಲ್ಲ, ಹಲವು ಭಾಗಗಳು ಕೂಡಿ ನಡೆಸುವ ಕಾರ್ಯವಿರಬೇಕೆಂಬ ಭಾವನೆಗೆ ಇದರಿಂದ ಪುಷ್ಟಿ ದೊರೆತಿದೆ.

ಈ ವಿಚಾರವು ಪ್ರಯೋಗಶಾಲೆಗೆ ಮಾತ್ರ ಸೀಮಿತವಾದುದಲ್ಲ. ಒಂದೇ ಘಟನೆಯನ್ನು ಕಂಡ ಇಬ್ಬರು ವಿದ್ಯಾರ್ಥಿಗಳು ಎರಡು ಬಗೆಯಾಗಿ ಹೇಳಿದರೆ ಅವರಲ್ಲೊಬ್ಬನು ಸುಳ್ಳುಗಾರನೇ ಆಗಿರಬೇಕೆಂದಿಲ್ಲ. ಅಕ್ಷರವನ್ನು ತಪ್ಪಾಗಿ ಓದುವ ಬಾಲಕನನ್ನು ಅಲಕ್ಷ್ಯಗಾರನೆಂದು ದಂಡಿಸುವ ಮುನ್ನ, ಅವನಿಗೆ ಕಂಡದ್ದೇನು ಎಂದು ಕೇಳುವುದು ಶಿಕ್ಷಕನ ಕರ್ತವ್ಯ. ಹಾಗೆಂದು ನೋಟವೆಲ್ಲವೂ ಭ್ರಮೆಯೆಂದಾಗಲಿ, ಪ್ರತಿಯೊಬ್ಬನ ಕಾಣ್ಕೆಯೂ ಸಮಾನವಾಗಿ ಸತ್ಯವೆಂದಾಗಲಿ ಅರ್ಥವಲ್ಲ. ಸಾಕ್ಷ್ಯ ಸ್ಪಷ್ಟವಾಗಿದ್ದಾಗ ಮಿದುಳಿನ ತೀರ್ಪು ಬಹುಮಟ್ಟಿಗೆ ಸರಿಯಾಗಿರುತ್ತದೆ. ಸಾಕ್ಷ್ಯ ಮಸುಕಾದಷ್ಟೂ ಒಳಗಿನ ಒಲವಿಗೆ ಬಲ ಬರುತ್ತದೆ. ಮಬ್ಬಿನಲ್ಲಿ ಬೆಚ್ಚಿದವನು ದೀಪ ಹಿಡಿದು ಮತ್ತೊಮ್ಮೆ ನೋಡಬೇಕಾದುದು ಅದಕ್ಕಾಗಿಯೇ.

ಶರಣ ಪರಂಪರೆಯು ಅರಿವಿಗೆ ಹಿರಿದಾದ ಸ್ಥಾನವನ್ನು ನೀಡಿದೆ. ನರಕೋಶಗಳ ಸ್ಪಂದನದಲ್ಲಿ ಅದಕ್ಕೆ ಸಾಕ್ಷ್ಯ ಹುಡುಕುವುದು ಎರಡಕ್ಕೂ ನ್ಯಾಯವಾಗದು. ಆದರೆ ತನ್ನ ತೀರ್ಪನ್ನು ತಾನೇ ಪರೀಕ್ಷಿಸಿಕೊಳ್ಳುವ ವಿನಯವನ್ನು ವಿಜ್ಞಾನವೂ ಕಲಿಸುತ್ತದೆ, ಧರ್ಮವೂ ಕಲಿಸುತ್ತದೆ. ಆ ವಿನಯವನ್ನು ಎಳೆಯ ಮನಸ್ಸುಗಳಲ್ಲಿ ಬೆಳೆಸುವುದೇ ವಿದ್ಯಾಸಂಸ್ಥೆಯ ಸಾರ್ಥಕ್ಯ.