ಗಣಕಯಂತ್ರದ ನೆನಪು ಮತ್ತು ಅದರ ಎರಡು ನಾಲೆಗಳು

ಕಲಾ ಕಾಲೇಜಿನ ವಿದ್ಯಾರ್ಥಿಗೆ ಯಂತ್ರದ ಹೊಟ್ಟೆಯೊಳಗಿನ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಕಳೆದ ವರ್ಷದವರೆಗೆ ನಾನೂ ಹಾಗೆ ಕೇಳುತ್ತಿದ್ದವನೇ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಗೆಳೆಯರು ತಂತಮ್ಮ ಊರಿನ ವೀರಗಲ್ಲು, ಶಾಸನಗಳ ಚಿತ್ರಗಳನ್ನು ತೆಗೆದು ತಂದಿದ್ದರು. ಅವನ್ನು ಜೋಡಿಸಿ ಪ್ರಬಂಧ ಒಪ್ಪಿಸಲು ಉಳಿದಿದ್ದುದು ಹದಿನೈದೇ ದಿನ. ನಮಗೆ ದೊರೆತಿದ್ದ ಒಂದೇ ಒಂದು ಹಳೆಯ ಗಣಕಯಂತ್ರವೋ ಹತ್ತು ಚಿತ್ರ ತೆರೆಯುವಷ್ಟರಲ್ಲಿ ಮಂಡಿಯೂರಿ ಕೂರುತ್ತಿತ್ತು. ಹೊಸದನ್ನು ಕೊಳ್ಳುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗಣಕಯಂತ್ರದ ಡಿಸ್ಕು ಗ್ರಂಥಾಲಯದ ಬೀರುವಿದ್ದಂತೆ. ರ‍್ಯಾಮ್ ಎಂಬುದು ಓದುವ ಮೇಜಿದ್ದಂತೆ. ಕೆಲಸ ನಡೆಯುವುದು ಮೇಜಿನ ಮೇಲೆ. ಮೇಜು ತುಂಬಿದರೆ ಯಂತ್ರವು ಒಂದು ಪುಸ್ತಕವನ್ನು ಬೀರುವಿಗೆ ಹಿಂದಿರುಗಿಸಿ ಇನ್ನೊಂದನ್ನು ತರಬೇಕು. ಬೀರುವಿನ ದಾರಿ ನಿಧಾನವಾದ್ದರಿಂದ ನಮಗೆ ಅದು ನಿಂತೇ ಹೋದಂತೆ ತೋರುತ್ತದೆ. ನಮ್ಮ ಯಂತ್ರದಲ್ಲಿದ್ದುದು 4 ಜಿ.ಬಿ. ರ‍್ಯಾಮ್ ಮಾತ್ರ. ಎಲ್ಲರೂ ಹಣ ಕೂಡಿಸಿ 8 ಜಿ.ಬಿ.ಯ ಒಂದು ಹಲಗೆಯನ್ನು ತಂದೆವು. ಮದರ್‌ಬೋರ್ಡಿನಲ್ಲಿ ನಾಲ್ಕು ಸ್ಲಾಟುಗಳಿದ್ದವು. ಹಳೆಯದು ಎರಡನೆಯದರಲ್ಲಿತ್ತು, ಹೊಸದನ್ನು ಪಕ್ಕದ ಮೊದಲನೆಯದಕ್ಕೆ ಒತ್ತಿ ಕೂರಿಸಿ, ಪರದೆಯ ಮೇಲೆ 12 ಎಂದು ಕಂಡಾಗ ಕೃತಾರ್ಥರಾದೆವು. ತಪ್ಪಿದ್ದುದು ಅಲ್ಲಿಯೇ.

ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವನ್ನು ನೆನೆಯೋಣ. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಈ ಅಣೆಕಟ್ಟು ವೇದಾವತಿಯನ್ನು ತಡೆದು ನಿಲ್ಲಿಸಿದೆ. 1933ರ ನಂತರ ಅದು ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಆ ಸಂಭ್ರಮವನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೇವೆ. ಕೆರೆ ಎಷ್ಟು ತುಂಬಿದೆ ಎಂಬುದು ಒಂದು ಪ್ರಶ್ನೆ; ತೋಟಕ್ಕೆ ನೀರು ಎಷ್ಟು ಬೇಗ ಹರಿಯುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಅಲ್ಲಿ ಎಡದಂಡೆ, ಬಲದಂಡೆ ಎಂದು ಎರಡು ನಾಲೆಗಳಿವೆ. ಒಂದನ್ನು ಮುಚ್ಚಿದರೆ ಕೆರೆಯ ನೀರೇನೂ ಕಡಿಮೆಯಾಗದು, ಹರಿವು ಕಡಿಮೆಯಾಗುತ್ತದೆ. ನಾವು ಮಾಡಿದ್ದೂ ಇದೇ: ಕೆರೆಯನ್ನು ದೊಡ್ಡದು ಮಾಡಿ, ಒಂದೇ ನಾಲೆಯನ್ನು ತೆರೆದಿಟ್ಟಿದ್ದೆವು.

ಪ್ರೊಸೆಸರಿಗೂ ರ‍್ಯಾಮಿಗೂ ನಡುವಿನ ಇಂಥ ನಾಲೆಯನ್ನು ಚಾನಲ್ ಎನ್ನುತ್ತಾರೆ. ಒಂದು ಚಾನಲಿನ ಅಗಲ 64 ಬಿಟ್, ಅಂದರೆ 8 ಬೈಟು. ನಮ್ಮ ಡಿ.ಡಿ.ಆರ್.4 ಹಲಗೆಯ ಮೇಲೆ 2400 ಎಂದು ಬರೆದಿತ್ತು. ಅದು ಸೆಕೆಂಡಿಗೆ 240 ಕೋಟಿ ಸಲ ಮಾಹಿತಿಯನ್ನು ಸಾಗಿಸಬಲ್ಲದು. ಇದನ್ನು 8ರಿಂದ ಗುಣಿಸಿದರೆ 1,920 ಕೋಟಿ ಬೈಟು. ಎರಡು ಚಾನಲುಗಳು ಜೊತೆಯಲ್ಲಿ ದುಡಿದರೆ ಲೆಕ್ಕದ ಮಟ್ಟಿಗೆ 3,840 ಕೋಟಿ. ಸ್ಲಾಟು ನಾಲ್ಕಿದ್ದರೆ ಚಾನಲು ನಾಲ್ಕೆಂದು ತಿಳಿಯಬಾರದು. ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ಚಾನಲು ಎರಡೇ. ಒಂದೊಂದಕ್ಕೆ ಎರಡೆರಡು ಸ್ಲಾಟು. ಹಲಗೆ ಎರಡಿದ್ದಲ್ಲಿ, ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕುವುದು ಬಹುಪಾಲು ಬೋರ್ಡುಗಳ ಪದ್ಧತಿ. ಆದರೂ ಬೋರ್ಡಿನ ಕೈಪಿಡಿ ಹೇಳಿದ್ದೇ ಪ್ರಮಾಣ. (ಡಿ.ಡಿ.ಆರ್.5ರಲ್ಲಿ ಒಂದೊಂದು ಹಲಗೆಯೂ 32 ಬಿಟ್ಟಿನ ಎರಡು ಕವಲುಗಳಾಗಿ ಒಡೆದಿರುವುದರಿಂದ ಕೆಲವು ತಂತ್ರಾಂಶಗಳು ನಾಲ್ಕು ಎಂದು ತೋರಿಸುತ್ತವೆ, ಗಾಬರಿ ಬೇಡ.)

ನಾವು 8ರ ಹಲಗೆಯನ್ನು ನಾಲ್ಕನೆಯ ಸ್ಲಾಟಿಗೆ ಬದಲಾಯಿಸಿದೆವು. 4 ಮತ್ತು 8 ಸಮಜೋಡಿಯಲ್ಲವಲ್ಲ ಎಂಬ ಸಂಶಯ ಬರುವುದು ಸಹಜ. ನಮ್ಮದರಂಥ ಇಂಟೆಲ್ ಯಂತ್ರಗಳಲ್ಲಿ ಎರಡರಿಂದಲೂ ನಾಲ್ಕು ನಾಲ್ಕು ಸೇರಿ 8 ಜಿ.ಬಿ. ಜೋಡಿಯಾಗಿ ದುಡಿಯುತ್ತದೆ, ಮಿಕ್ಕ 4 ಜಿ.ಬಿ. ಒಂಟಿ ನಾಲೆಯಲ್ಲಿ ನಡೆಯುತ್ತದೆ. ವೇಗದ ವಿಷಯದಲ್ಲಿ ಮಾತ್ರ ಇದು ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ: 2400ರ ಜೊತೆ 3200ರದನ್ನು ಹಾಕಿದರೆ ಎರಡೂ 2400ರ ನಡಿಗೆಯಲ್ಲೇ ನಡೆಯುತ್ತವೆ. ಪೀಳಿಗೆ ಬೇರೆಯಾದರಂತೂ ಕೂಡಿ ಬಾಳುವುದೇ ಇಲ್ಲ. ಡಿ.ಡಿ.ಆರ್.3ಕ್ಕೆ 1.5 ವೋಲ್ಟು, ಡಿ.ಡಿ.ಆರ್.4ಕ್ಕೆ 1.2, ಡಿ.ಡಿ.ಆರ್.5ಕ್ಕೆ 1.1. ಅಂಚಿನಲ್ಲಿರುವ ಕಚ್ಚಿನ ಸ್ಥಾನವೂ ಬೇರೆ ಬೇರೆ. ಕೂರದಿದ್ದರೆ ಬಲವಂತ ಮಾಡದೆ, ತಂದದ್ದು ಸರಿಯೇ ಎಂದು ನೋಡುವುದು ಲೇಸು.

ಕೈಹಾಕುವ ಮುನ್ನ ಯಂತ್ರವನ್ನು ಆರಿಸಿ, ಗೋಡೆಯಿಂದ ತಂತಿಯನ್ನು ಕಳಚಿ, ಉಳಿದ ವಿದ್ಯುತ್ತು ಹೋಗಲೆಂದು ಗುಂಡಿಯನ್ನು ಕೆಲ ಕ್ಷಣ ಒತ್ತಿ ಹಿಡಿಯಬೇಕು. ನಮ್ಮ ದುರ್ಗದ ಒಣಹವೆಯಲ್ಲಿ, ವಿಶೇಷವಾಗಿ ಬೇಸಿಗೆಯ ಮೊದಲ ದಿನಗಳಲ್ಲಿ, ಮೈಮೇಲೆ ಸ್ಥಿರವಿದ್ಯುತ್ತು ಸುಲಭವಾಗಿ ಸೇರುತ್ತದೆ. ನಮಗೆ ತಿಳಿಯದಷ್ಟು ಸಣ್ಣ ಕಿಡಿಯೂ ಚಿಪ್ಪನ್ನು ಕೆಡಿಸಬಲ್ಲದು. ಆದ್ದರಿಂದ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಹಲಗೆಯನ್ನು ಅಂಚಿನಲ್ಲಷ್ಟೇ ಹಿಡಿಯಬೇಕು. ಎರಡೂ ತುದಿಗಳನ್ನು ಸಮವಾಗಿ ಒತ್ತಿದರೆ ಚಿಲಕ ಟಕ್ಕೆಂದು ಬೀಳುತ್ತದೆ. ಮೊದಲ ಸಲ ಪರದೆ ಬೆಳಗಲು ತುಸು ತಡವಾಗುವುದುಂಟು. ಯಂತ್ರ ಹೊಸ ನೆನಪನ್ನು ಪರೀಕ್ಷಿಸಿಕೊಳ್ಳುತ್ತಿರುತ್ತದೆ. ಬಹಳ ಹೊತ್ತಾದರೂ ಬೆಳಗದಿದ್ದರೆ ಮತ್ತೆ ಆರಿಸಿ, ತಂತಿ ಕಳಚಿ, ಹಲಗೆಗಳನ್ನು ತೆಗೆದು ಒಂದೊಂದಾಗಿ ಹಾಕಿ ನೋಡಬೇಕು.

ಫಲವೇನೆಂದು ಪ್ರಾಮಾಣಿಕವಾಗಿ ಹೇಳುವುದಾದರೆ, ನಮಗೆ ದೊಡ್ಡ ಉಪಕಾರವಾದುದು 4 ಹೋಗಿ 12 ಆದುದರಿಂದಲೇ. ಎರಡನೆಯ ಚಾನಲಿನ ಲಾಭ ಕನ್ನಡ ಬೆರಳಚ್ಚಿನಲ್ಲಿ ಏನೂ ಕಾಣದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದ ಯಂತ್ರದಲ್ಲಿ ಚಿತ್ರಭಾಗವೂ ಇದೇ ರ‍್ಯಾಮನ್ನು ಬಳಸುವುದರಿಂದ, ದೊಡ್ಡ ಚಿತ್ರಗಳನ್ನು ಸರಿಸಿ ಹಿಗ್ಗಿಸುವಾಗ ಅದು ತಿಳಿಯಿತು. ಕೈಯಲ್ಲಿ ಹಣ ಕಡಿಮೆಯಿದ್ದವರು ಮೊದಲು ಗಾತ್ರವನ್ನು ನೋಡಲಿ. ಸರಿಯಾದ ಸ್ಲಾಟಿಗೆ ಹಾಕುವುದಕ್ಕಂತೂ ಬೇರೆ ಖರ್ಚಿಲ್ಲ.

ಪ್ರಬಂಧವನ್ನು ಎರಡು ದಿನ ಮೊದಲೇ ಒಪ್ಪಿಸಿದೆವು. ಹೊಸದುರ್ಗದ ಗೆಳೆಯ ತಂದಿದ್ದ ವೀರಗಲ್ಲಿನಲ್ಲಿ ಮಾಸಿಹೋಗಿದೆಯೆಂದು ನಾವು ಬಿಟ್ಟಿದ್ದ ಮೂರನೆಯ ಸಾಲು, ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಅರ್ಧದಷ್ಟು ಓದಲು ಬಂದಿತು.