ಹವಳದ ತೊಟ್ಟಿಗೆ ನೀಲಿ ದೀಪವೇ ಏಕೆ?

ಪ್ರಶ್ನೆ: ಮೆಲ್ಬರ್ನ್‌ನಲ್ಲಿರುವ ಮಗಳು-ಅಳಿಯನ ಮನೆಗೆ ಹೋಗಿದ್ದಾಗ ಹವಳ ಬೆಳೆಸಿದ ಗಾಜಿನ ತೊಟ್ಟಿ ನೋಡಿದೆ. ಸಂಜೆಯಾದರೆ ಹಾಲ್ ಪೂರ್ತಿ ನೀಲಿ ಬೆಳಕು. ನಾನು ಬಹಳ ವರ್ಷಗಳಿಂದ ಗೋಲ್ಡ್‌ಫಿಶ್ ಸಾಕುತ್ತಿದ್ದೇನೆ, ಒಂದು ಟ್ಯೂಬ್‌ಲೈಟ್ ಸಾಕಾಗಿದೆ. ಹವಳಕ್ಕೆ ಮಾತ್ರ ಅಷ್ಟು ದುಬಾರಿ ನೀಲಿ ದೀಪ ಏಕೆ? ಹೆಚ್ಚು ವ್ಯಾಟ್‌ನ ಬಿಳಿ ಎಲ್‌ಇಡಿ ಹಾಕಿದರೆ ಆಗದೆ? ನಮ್ಮೂರಲ್ಲಿ ಇಂಥದ್ದನ್ನು ಇಡಬಹುದೆ? ಇಡುವುದಾದರೆ ಏನೇನು ಬೇಕು?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಒಳ್ಳೆಯ ಪ್ರಶ್ನೆ. ಗೋಲ್ಡ್‌ಫಿಶ್ ಸಾಕಿದವರಿಗೆ ಈ ಅನುಮಾನ ಬರುವುದು ಸಹಜವೇ. ಗೋಲ್ಡ್‌ಫಿಶ್‌ಗೆ ಊಟ ಹಾಕುವವರು ನೀವು. ದೀಪ ಇರುವುದು ನಿಮಗೆ ಮೀನು ಕಾಣಲಿ ಎಂದು. ವಾರವಿಡೀ ದೀಪ ಕೆಟ್ಟು ಕೂತರೂ ಮೀನು ತಲೆ ಕೆಡಿಸಿಕೊಳ್ಳುವುದಿಲ್ಲ. ಹವಳದ ಲೆಕ್ಕ ಬೇರೆ. ಅದು ಗಿಡವೂ ಅಲ್ಲ, ಕಲ್ಲೂ ಅಲ್ಲ, ಪ್ರಾಣಿ. ಅದರ ಮೈಯೊಳಗಿನ ಜೀವಕೋಶಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸವಾಗಿರುತ್ತವೆ. ಬೆಳಕು ಬಿದ್ದಾಗ ಈ ಪಾಚಿ ಸಕ್ಕರೆ ತಯಾರಿಸಿ ಅದರಲ್ಲಿ ದೊಡ್ಡ ಪಾಲನ್ನು ಹವಳಕ್ಕೆ ಬಿಟ್ಟುಕೊಡುತ್ತದೆ. ಅನೇಕ ಹವಳಗಳಿಗೆ ಬೇಕಾದ ಶಕ್ತಿಯಲ್ಲಿ ಶೇ 90ರವರೆಗೂ ಬರುವುದು ಹೀಗೆ. ದೀಪ ಆರಿಸಿದಿರಿ ಎಂದರೆ ಅದರ ಅಡುಗೆಮನೆ ಮುಚ್ಚಿದಿರಿ ಎಂದೇ.

ಇನ್ನು ನೀಲಿ ಏಕೆ ಎಂಬ ಮಾತು. ಸೂರ್ಯನ ಬೆಳಕು ಸಮುದ್ರಕ್ಕೆ ಇಳಿಯುವಾಗ ನೀರು ಎಲ್ಲ ಬಣ್ಣಗಳನ್ನೂ ಒಂದೇ ಸಮ ಬಿಡುವುದಿಲ್ಲ. ಕೆಂಪು ಮೊದಲ ಕೆಲವೇ ಮೀಟರ್‌ಗಳಲ್ಲಿ ಬಹುಪಾಲು ಇಲ್ಲವಾಗುತ್ತದೆ, ಆಮೇಲೆ ಕಿತ್ತಳೆ, ಹಳದಿ. ತಿಳಿನೀರಿನಲ್ಲಿ ತೀರ ಆಳದವರೆಗೆ ಹೋಗುವುದು ನೀಲಿ. ಹತ್ತು ಹದಿನೈದು ಮೀಟರ್ ಆಳದ ಹವಳಕ್ಕೆ ಲಕ್ಷಾಂತರ ವರ್ಷಗಳಿಂದ ಸಿಕ್ಕಿದ್ದು ಆ ಬೆಳಕೇ. ಅದರೊಳಗಿನ ಪಾಚಿಯ ವರ್ಣದ್ರವ್ಯಗಳೂ ನೀಲಿಯನ್ನು ಚೆನ್ನಾಗಿ ಹೀರುತ್ತವೆ. ಆದ್ದರಿಂದ ಹವಳದ ದೀಪಗಳಲ್ಲಿ ಸುಮಾರು 420ರಿಂದ 470 ನ್ಯಾನೊಮೀಟರ್ ಅಲೆಯುದ್ದದ ನೇರಳೆ-ನೀಲಿ ಎಲ್‌ಇಡಿಗಳೇ ಹೆಚ್ಚಿರುತ್ತವೆ. ಬಿಳಿ ಸ್ವಲ್ಪ, ಕೆಂಪು-ಹಸಿರು ಹೆಸರಿಗೆ.

ಇನ್ನೊಂದು ಕಾರಣವೂ ಇದೆ, ಅದು ನಮ್ಮ ಸಂತೋಷಕ್ಕೆ. ಹಲವು ಹವಳಗಳ ಮೈಯಲ್ಲಿರುವ ಪ್ರೋಟೀನ್‌ಗಳು ನೀಲಿಯನ್ನು ಹೀರಿ ಹಸಿರು, ಕಿತ್ತಳೆ ಬಣ್ಣಗಳಲ್ಲಿ ಹೊರಬಿಡುತ್ತವೆ. ಬಿಳಿ ಬೆಳಕಿನಲ್ಲಿ ಕಂದಾಗಿ ಕೂತಿದ್ದ ತುಂಡು ನೀಲಿಯಲ್ಲಿ ಹೊಳೆಯುವುದು ಇದರಿಂದ. ನಿಮ್ಮ ಅಳಿಯಂದಿರು ಹಗಲು ಬಿಳಿ-ನೀಲಿ ಎರಡನ್ನೂ ಉರಿಸಿ, ಸಂಜೆ ಬರೀ ನೀಲಿ ಉಳಿಯುವಂತೆ ಟೈಮರ್ ಇಟ್ಟಿರಬೇಕು. ಆ ಸಂಜೆಯ ನೀಲಿ ಅರ್ಧ ಹವಳಕ್ಕೆ, ಅರ್ಧ ಮನೆಯವರ ಕಣ್ಣಿಗೆ.

ಈಗ ಹೆಚ್ಚು ವ್ಯಾಟ್‌ನ ಬಿಳಿ ದೀಪದ ವಿಷಯ. ಇಲ್ಲಿ ಬಹಳ ಜನ ಎಡವುತ್ತಾರೆ, ಸ್ವಲ್ಪ ನಿಧಾನವಾಗಿ ನೋಡೋಣ. ವ್ಯಾಟ್ ಹೇಳುವುದು ದೀಪ ಎಷ್ಟು ಕರೆಂಟು ತಿನ್ನುತ್ತದೆ ಎಂಬುದನ್ನು. ಎಷ್ಟು ಬೆಳಕು ಕೊಡುತ್ತದೆ ಎಂಬುದನ್ನಲ್ಲ. ಡಬ್ಬಿಯ ಮೇಲಿನ ಲ್ಯೂಮೆನ್, ಮೊಬೈಲ್ ಆ್ಯಪ್ ತೋರಿಸುವ ಲಕ್ಸ್, ಇವೆರಡೂ ಬೆಳಕನ್ನು ಅಳೆಯುವುದು ಮನುಷ್ಯನ ಕಣ್ಣಿನ ಲೆಕ್ಕದಲ್ಲಿ. ನಮ್ಮ ಕಣ್ಣಿಗೆ ಹಸಿರು-ಹಳದಿ ಬಲು ಪ್ರಖರ, ನೀಲಿ ಮಂಕು. ಹೀಗಾಗಿ ಕೋಣೆಯನ್ನು ಝಗ್ಗೆನಿಸುವ ಬಲ್ಬು ಹವಳಕ್ಕೆ ಕಡಿಮೆ ಕೊಡುತ್ತಿರಬಹುದು. ಮಬ್ಬಾಗಿ ಕಾಣುವ ನೀಲಿ ದೀಪ ಅದಕ್ಕೆ ಸುಡುಬಿಸಿಲಾಗಿರಬಹುದು.

ಹವಳ ಸಾಕುವವರು ನೋಡುವ ಅಳತೆ ‘ಪಾರ್’. 400ರಿಂದ 700 ನ್ಯಾನೊಮೀಟರ್‌ವರೆಗಿನ ಬೆಳಕಿನ ಕಣಗಳು ಒಂದು ಚದರ ಮೀಟರ್ ಜಾಗದ ಮೇಲೆ ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂಬ ಎಣಿಕೆ ಅದು, ಮೈಕ್ರೊಮೋಲ್‌ಗಳಲ್ಲಿ ಹೇಳುತ್ತಾರೆ. ಅಣಬೆ ಹವಳ, ಝೋಆಂಥಿಡ್‌ನಂಥ ಮೆತ್ತನೆಯ ಜಾತಿಗಳಿಗೆ ಸುಮಾರು 50ರಿಂದ 150 ಸಾಕು. ಕೊಂಬೆಕೊಂಬೆಯಾಗಿ ಬೆಳೆಯುವ ಗಟ್ಟಿ ಹವಳಗಳಿಗೆ 200ರಿಂದ 350 ಬೇಕಾಗುತ್ತದೆ. ನೀರಿನೊಳಗೆ ಇಳಿಬಿಟ್ಟು ಅಳೆಯುವ ಪಾರ್ ಮೀಟರ್ ಅಗ್ಗದ ಸಾಮಾನಲ್ಲ. ಇದ್ದವರಿಂದ ಒಂದು ದಿನಕ್ಕೆ ಎರವಲು ತಂದು, ತೊಟ್ಟಿಯ ಮೇಲೆ, ನಡುವೆ, ತಳದಲ್ಲಿ ಅಳೆದು ಗುರುತು ಹಾಕಿಕೊಂಡರೆ ಸಾಕು.

ಹಾಗಾದರೆ ಬಿಳಿ ಎಲ್‌ಇಡಿಯಲ್ಲಿ ಹವಳ ಬದುಕುವುದೇ ಇಲ್ಲವೆ? ಹಾಗೇನಿಲ್ಲ. ಬಿಳಿ ಎಲ್‌ಇಡಿಯೊಳಗೂ ನೀಲಿಯ ಪಾಲಿದೆ, ಗಟ್ಟಿಮುಟ್ಟಾದ ಮೆತ್ತನೆಯ ಹವಳಗಳು ಅದರಲ್ಲೂ ಬಾಳುತ್ತವೆ. ಆದರೆ ಮನೆಯ ಬಲ್ಬು ಬೆಳಕನ್ನು ನಾಲ್ಕೂ ಕಡೆ ಚೆಲ್ಲುತ್ತದೆ, ತಳಕ್ಕೆ ತಲುಪುವುದು ಸ್ವಲ್ಪ. ಮೇಲಾಗಿ ಅದು ಉಪ್ಪುನೀರಿನ ಸಿಂಚನ ತಾಳುವಂತೆ ಮಾಡಿದ್ದಲ್ಲ. ನೀರು ಸಿಡಿದ ಕಡೆಯೆಲ್ಲ ಬಿಳಿ ಪುಡಿಯಂತೆ ಉಪ್ಪು ಕಟ್ಟಿಕೊಂಡು ಹೋಲ್ಡರ್‌ನೊಳಗೂ ಸೇರುತ್ತದೆ. ಈ ಒಂದು ಕಾರಣಕ್ಕೇ ನಾನು ಅದನ್ನು ಬೇಡ ಎನ್ನುತ್ತೇನೆ.

ದೀಪವನ್ನು ನೀರಿನಿಂದ 20–30 ಸೆಂಟಿಮೀಟರ್ ಮೇಲೆ ತೂಗುಹಾಕಿ. ತಂದ ದಿನವೇ ಪೂರ್ತಿ ಉರಿಸಬೇಡಿ. ಶೇ 30–40ರಷ್ಟರಿಂದ ಶುರುಮಾಡಿ ಮೂರು ನಾಲ್ಕು ವಾರಗಳಲ್ಲಿ ಏರಿಸುತ್ತ ಹೋಗಿ. ದಿನಕ್ಕೆ 8ರಿಂದ 10 ಗಂಟೆ ಸಾಕು, ರಾತ್ರಿ ಕತ್ತಲೆ ಇರಲೇಬೇಕು. ಆಮೇಲೆ ಹವಳದ ಬಣ್ಣ ನೋಡುತ್ತಿರಿ. ದಿನೇದಿನೇ ಕಂದಾಗುತ್ತಿದ್ದರೆ ಬೆಳಕು ಸಾಲದು, ಇಲ್ಲವೇ ನೀರಿನಲ್ಲಿ ಗೊಬ್ಬರದಂಶ ಹೆಚ್ಚು. ಪೇಲವವಾಗಿ ಬಿಳಿಚುತ್ತಿದ್ದರೆ ಮೊದಲು ಶಂಕಿಸಬೇಕಾದ್ದು ಅತಿ ಬೆಳಕನ್ನು ಮತ್ತು ಅತಿ ಬಿಸಿಯನ್ನು; ಹವಳ ತನ್ನ ಪಾಚಿಯನ್ನು ಹೊರದಬ್ಬುತ್ತಿದೆ ಎಂದು ತಿಳಿಯಿರಿ. ಹೊಸಬರ ಮನೆಯಲ್ಲಿ ಕಡಿಮೆ ಬೆಳಕಿಗಿಂತ ಹೆಚ್ಚು ಬೆಳಕಿಗೇ ಹವಳ ಬಲಿಯಾಗುವುದು ಜಾಸ್ತಿ.

ಕಿಟಕಿಯ ಬಿಸಿಲು ಸಾಲದೆ ಎಂದು ಮುಂದಿನ ಪತ್ರದಲ್ಲಿ ನೀವು ಕೇಳಬಹುದು. ತತ್ವಕ್ಕೆ ಸಾಕು. ಜಕಾರ್ತದ ಲೀ ಚಿನ್ ಎಂಗ್ ಎಂಬವರು ಸೂರ್ಯನ ಬೆಳಕು, ಸಮುದ್ರದಿಂದ ತಂದ ಜೀವಂತ ಬಂಡೆ, ಗಾಳಿಯ ಗುಳ್ಳೆ ಇಷ್ಟನ್ನೇ ನಂಬಿ ಹವಳ ಸಾಕಿದ್ದನ್ನು 1961ರಲ್ಲೇ ಬರೆದು ತಿಳಿಸಿದ್ದರು. ಆದರೆ ಅವರ ಪಕ್ಕದಲ್ಲಿ ಸಮುದ್ರವಿತ್ತು. ಹುಬ್ಬಳ್ಳಿಯ ಏಪ್ರಿಲ್ ಬಿಸಿಲು ಗಾಜಿನ ತೊಟ್ಟಿಯ ಮೇಲೆ ಬಿದ್ದರೆ ಹವಳಕ್ಕಿಂತ ಮೊದಲು ನೀರು ಕಾಯುತ್ತದೆ.

ದೀಪದ ಮಾತು ಇಷ್ಟು. ಉಳಿದ ಸಲಕರಣೆಗಳನ್ನು 200 ಲೀಟರ್‌ನ ತೊಟ್ಟಿ ಎಂದಿಟ್ಟುಕೊಂಡು ನೋಡೋಣ. ಸುಮಾರು 90 ಸೆಂಟಿಮೀಟರ್ ಉದ್ದ, 45 ಅಗಲ, 50 ಎತ್ತರ. ಇದಕ್ಕಿಂತ ಚಿಕ್ಕದು ಸುಲಭ ಎನಿಸುತ್ತದೆ, ಆದರೆ ನೀರು ಕಡಿಮೆಯಾದಷ್ಟೂ ಅದರ ಗುಣ ಬೇಗ ಏರುಪೇರಾಗುತ್ತದೆ. ನೀರು, ಗಾಜು, ಕಲ್ಲು, ಸ್ಟ್ಯಾಂಡ್ ಸೇರಿ 300 ಕಿಲೊ ಹತ್ತಿರ ತೂಗುತ್ತದೆ. ಹಳೆಯ ಟೀಪಾಯಿಯ ಮೇಲೆ ಇಡುವ ವಸ್ತುವಲ್ಲ.

ಮೊದಲು ನೀರು. ಮಲಪ್ರಭೆಯದಾಗಲಿ ಬೋರ್‌ವೆಲ್‌ನದಾಗಲಿ, ನಲ್ಲಿಯಿಂದ ನೇರ ಹಾಕುವಂತಿಲ್ಲ. ಅಡುಗೆಮನೆಯ ಆರ್‌ಒ ನೀರೂ ಪೂರ್ತಿ ಸಾಲದು, ಕುಡಿಯುವ ರುಚಿಗೆಂದು ಅದರಲ್ಲಿ ಒಂದಿಷ್ಟು ಖನಿಜ ಉಳಿಸಿರುತ್ತಾರೆ. ಆರ್‌ಒ ನಂತರ, ಉಳಿದ ಖನಿಜವನ್ನೂ ಹಿಡಿದಿಡುವ ಡಿಐ ರೆಸಿನ್‌ನ ಕಾರ್ಟ್ರಿಜ್ ಹಾಕಿ, ನೀರಿನಲ್ಲಿ ಕರಗಿರುವುದನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸುವಂತೆ ಮಾಡಿಕೊಳ್ಳಿ. ಅದಕ್ಕೆ ಹವಳದ ತೊಟ್ಟಿಗೆಂದೇ ಮಾರುವ ಸಮುದ್ರದ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಕಲಸಬೇಕು. 200 ಲೀಟರಿಗೆ 7 ಕಿಲೊ. ಅಡುಗೆಯ ಉಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಶಿಯಂ ಹದವಾಗಿ ಇರುವುದಿಲ್ಲ, ಅದು ಬೇಡ. ರಿಫ್ರ್ಯಾಕ್ಟೋಮೀಟರ್‌ನಲ್ಲಿ ಸಾಂದ್ರತೆ 1.025 ಅಥವಾ 1.026 ಬರಬೇಕು. ತೊಟ್ಟಿಯ ನೀರು ಆವಿಯಾಗಿ ಇಳಿದಾಗ ಮತ್ತೆ ಉಪ್ಪುನೀರು ಸುರಿಯಬೇಡಿ. ಹೋದದ್ದು ನೀರು ಮಾತ್ರ, ಉಪ್ಪು ಅಲ್ಲೇ ಇದೆ. ಸೊನ್ನೆ ಟಿಡಿಎಸ್‌ನ ಸಿಹಿನೀರನ್ನೇ ತುಂಬಬೇಕು. ತಾನಾಗಿ ತುಂಬಿಸುವ ಸಣ್ಣ ಪಂಪ್ ಇಟ್ಟುಕೊಂಡರೆ ಊರಿಗೆ ಹೋಗಿ ಬರಬಹುದು.

ಎರಡನೆಯದು ನೀರಿನ ಓಡಾಟ. ಹವಳ ಕೂತಲ್ಲೇ ಇರುವ ಪ್ರಾಣಿ. ಉಸಿರಾಟಕ್ಕೆ ಬೇಕಾದ್ದನ್ನು ತಂದುಕೊಡುವುದೂ ಮೈಮೇಲಿನ ಕಸ ತೆಗೆಯುವುದೂ ಅಲೆಯ ಕೆಲಸ. ಮೆತ್ತನೆಯ ಹವಳಗಳಿಗೆ ತೊಟ್ಟಿಯ ನೀರನ್ನು ಗಂಟೆಗೆ ಹತ್ತಿಪ್ಪತ್ತು ಪಟ್ಟು ತಿರುಗಿಸುವ ವೇವ್‌ಮೇಕರ್ ಬೇಕು. ಒಂದೇ ದಿಕ್ಕಿನ ಧಾರೆಗಿಂತ ಬದಲಾಗುತ್ತಿರುವ ಹರಿವು ಒಳ್ಳೆಯದು.

ಮೂರನೆಯದು ನೀವು ಅಳಿಯನ ಮನೆಯಲ್ಲಿ ಸ್ಟ್ಯಾಂಡಿನ ಬಾಗಿಲು ತೆರೆದಿದ್ದರೆ ಕಾಣುತ್ತಿತ್ತು: ಕೆಳಗೊಂದು ಸಣ್ಣ ತೊಟ್ಟಿ, ಅದರೊಳಗೆ ಉದ್ದನೆಯ ಕೊಳವೆಯಂಥ ಸ್ಕಿಮ್ಮರ್. ಮೇಲಿನ ನೀರು ಅಲ್ಲಿಗಿಳಿದು ಪಂಪ್‌ನಿಂದ ಮತ್ತೆ ಮೇಲೇರುತ್ತದೆ. ಸ್ಕಿಮ್ಮರ್ ನೀರಿಗೆ ಸೂಕ್ಷ್ಮ ಗುಳ್ಳೆಗಳನ್ನು ಬೆರೆಸುತ್ತದೆ. ಮೀನಿನ ಎಂಜಲು, ಲೋಳೆ, ಕೊಳೆಯುವ ಪ್ರೋಟೀನು ಗುಳ್ಳೆಗೆ ಅಂಟಿಕೊಂಡು, ಬೇಳೆ ಬೇಯುವಾಗ ಬರುವ ನೊರೆಯಂತೆ ಉಕ್ಕಿ ಮೇಲಿನ ಬಟ್ಟಲಿಗೆ ಬೀಳುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಬಟ್ಟಲಲ್ಲಿ ಕಪ್ಪು ಚಹಾದ ಬಣ್ಣದ ದ್ರವ ನಿಂತಿರುತ್ತದೆ, ವಾಸನೆ ಮೂಗಿಗೆ ಹೊಡೆಯುತ್ತದೆ. ಅಷ್ಟು ಕೊಳೆ ನೈಟ್ರೇಟ್ ಆಗುವ ಮೊದಲೇ ಹೊರಬಂತು ಎಂದು ಸಮಾಧಾನ ಪಡಬೇಕು.

ಇನ್ನು ಬಿಸಿ. ನೀರು 25–26 ಡಿಗ್ರಿಯಲ್ಲಿ ನಿಲ್ಲಬೇಕು. ಡಿಸೆಂಬರ್ ರಾತ್ರಿಗಳಿಗೆ 150–200 ವ್ಯಾಟ್‌ನ ಹೀಟರ್ ಸಾಕು. ಕಷ್ಟ ಇರುವುದು ಬೇಸಿಗೆಯಲ್ಲಿ. ಒಣಹವೆಯ ನಿಮ್ಮೂರಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಂಗಳೂರಿನ ಸೆಕೆಯಲ್ಲಿ ಅಷ್ಟೂ ಆಗದು. ಮಧ್ಯಾಹ್ನ ಕೋಣೆಯೇ 35 ದಾಟುವುದಾದರೆ ಚಿಲ್ಲರ್ ಇಲ್ಲವೇ ಎ.ಸಿ. ಅನಿವಾರ್ಯ. ದೀಪಕ್ಕಿಂತ ಇದರ ಖರ್ಚೇ ದೊಡ್ಡದು ಎಂದು ಮೊದಲೇ ತಿಳಿದಿರಲಿ.

ಕರೆಂಟಿನ ವಿಷಯದಲ್ಲಿ ಜಿಪುಣತನ ಬೇಡ. ಉಪ್ಪುನೀರು ಒಳ್ಳೆಯ ವಾಹಕ. ಎಲ್ಲ ಸಲಕರಣೆಗೂ ಸರಿಯಾದ ಅರ್ಥಿಂಗ್, ಕರೆಂಟು ಸೋರಿದೊಡನೆ ಕಡಿದುಹಾಕುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲಿ. ಪ್ರತಿ ವೈರೂ ಸಾಕೆಟ್‌ಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಆಮೇಲೆ ಮೇಲೇರಲಿ. ವೈರ್ ಹಿಡಿದು ಇಳಿಯುವ ಹನಿ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಕರೆಂಟು ಹೋದಾಗ ಸ್ವಲ್ಪ ಹೊತ್ತು ದೀಪ ಆರಿದರೆ ಏನೂ ಆಗದು, ನೀರು ನಿಂತರೆ ಆಮ್ಲಜನಕ ಇಳಿಯುತ್ತದೆ. ಇನ್ವರ್ಟರ್‌ಗೆ ಮೊದಲು ಜೋಡಿಸಬೇಕಾದ್ದು ವೇವ್‌ಮೇಕರ್.

ಎಲ್ಲ ಜೋಡಿಸಿದ ಮೇಲೂ ನಾಲ್ಕರಿಂದ ಆರು ವಾರ ಹವಳ ತರುವಂತಿಲ್ಲ. ವಿಷಕಾರಿ ಅಮೋನಿಯವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾ ಕಲ್ಲಿನ ಮೇಲೆ ನೆಲೆಸಬೇಕು. ಅಷ್ಟು ದಿನ ದೀಪ ಉರಿಸದಿದ್ದರೆ ಬೇಡದ ಪಾಚಿಯೂ ಹಬ್ಬುವುದಿಲ್ಲ, ಬಿಲ್ಲೂ ಉಳಿಯುತ್ತದೆ.

ಕೊನೆಗೆ, ನೀವು ಕೇಳದಿದ್ದರೂ ಹೇಳಲೇಬೇಕಾದ್ದು. ಮೆಲ್ಬರ್ನ್‌ನ ಹವಳವೆಲ್ಲ ಹುಬ್ಬಳ್ಳಿಗೆ ಬರುವಂತಿಲ್ಲ. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆ ಹವಳ ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯಿಂದಾಗಲಿ ಲಕ್ಷದ್ವೀಪದಿಂದಾಗಲಿ ಸತ್ತ ತುಂಡನ್ನು ತಂದರೂ ಅಪರಾಧ. ಅಳಿಯಂದಿರು ಪ್ರೀತಿಯಿಂದ ಒಂದು ಕೊಂಬೆ ಮುರಿದುಕೊಟ್ಟರೂ ಸೂಟ್‌ಕೇಸಿಗೆ ಹಾಕಬೇಡಿ; ಗಟ್ಟಿ ಹವಳ ದೇಶದ ಗಡಿ ದಾಟಲು ಅಂತರರಾಷ್ಟ್ರೀಯ ಪರವಾನಗಿ ಬೇಕು. ತೊಟ್ಟಿಗೆ ಕೃತಕ ಕಲ್ಲು, ಸೆರಾಮಿಕ್ ಕಲ್ಲು ಹಾಕಿ. ಅಣಬೆ ಹವಳ, ಝೋಆಂಥಿಡ್‌ಗಳಿಂದ ಶುರುಮಾಡಿ. ಹೇಗೂ ಕಡಿಮೆ ಬೆಳಕು ಕೇಳುವುದೂ ಹೊಸಬರ ಕೈಯಲ್ಲಿ ಉಳಿಯುವುದೂ ಅವೇ. ಕೊಳ್ಳುವಾಗ ಬಿಲ್ಲನ್ನೂ ಆಮದಿನ ಕಾಗದಗಳ ಪ್ರತಿಯನ್ನೂ ಕೇಳಿ ಪಡೆಯಿರಿ. ಕೊಡಲು ತಡವರಿಸುವ ಅಂಗಡಿಯಲ್ಲಿ ಮೀನಿನ ಆಹಾರ ಕೊಂಡು ಬಂದುಬಿಡಿ.