ಹಬ್ಬದ ಆರಾಧನೆಯಲ್ಲಿ ಅಜ್ಜಿಯ ಸ್ಥಾನ

ಓದತಕ್ಕ ವೇದಭಾಗ: ಲೂಕ 2:36–38; 2 ತಿಮೊಥೆ 1:5.

ಕರ್ತನ ಜನನದ ಹಬ್ಬವು ಬಂದಾಗ ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಸೀಮೆಗಳ ಮನೆಗಳಲ್ಲಿ ನಡೆಯುವಂಥಾ ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಮನೆಯವರೆಲ್ಲರು ನಸುಕಿನಲ್ಲೆದ್ದು ಜಳಕ ಮಾಡಿ ಹೊಸ ಬಟ್ಟೆ ಉಟ್ಟು ದೇವಾಲಯಕ್ಕೆ ಹೊರಡುತ್ತಾರೆ. ಅಜ್ಜಿಯೂ ಪೆಟ್ಟಿಗೆಯಿಂದ ತನ್ನ ಇಳಕಲ್ಲು ಸೀರೆಯನ್ನು ತೆಗೆಯುತ್ತಾಳೆ. ಆಗ ಮೊಮ್ಮಗನು, "ಆಯಿ, ಥಂಡಿ ಭಾಳ ಐತಿ, ನೀ ಮನ್ಯಾಗ ಇರು. ನಿನಗ ಪ್ರಸಂಗನೂ ಕೇಳ್ಸಂಗಿಲ್ಲ, ಮನಿ ಕಾಯಾಕರ ಒಬ್ರು ಬೇಕಲ್ಲ" ಅನ್ನುತ್ತಾನೆ. ಅವನ ಮಾತಿನಲ್ಲಿ ಪ್ರೀತಿಯಿಲ್ಲವೆಂದು ನಾವು ಹೇಳುವದಿಲ್ಲ. ಆದರೂ ಸೀರೆಯು ತಿರಿಗಿ ಪೆಟ್ಟಿಗೆಯನ್ನು ಸೇರುತ್ತದೆ. ಸಭೆಯು ಹಾಡುತ್ತಿರುವಾಗ ಅಜ್ಜಿಯು ಬಾಗಿಲು ಕಾಯುತ್ತಾಳೆ. ಇದು ಸರಿಯೋ?

ಕೂಸಾದ ಯೇಸುವನ್ನು ತಂದೆತಾಯಿಗಳು ಯೆರೂಸಲೇಮಿನ ದೇವಾಲಯಕ್ಕೆ ತಂದಾಗ ಅಲ್ಲಿ ಸಿಮೆಯೋನನೂ ಅನ್ನಳೂ ಇದ್ದರು. ಸಿಮೆಯೋನನ ವಯಸ್ಸನ್ನು ಲೂಕನು ಬರೆಯಲಿಲ್ಲ. ಅನ್ನಳದನ್ನಾದರೋ ಎಣಿಸಿ ಬರೆದಿದ್ದಾನೆ. ಗಂಡನೊಡನೆ ಬಾಳಿದ್ದು 7 ವರುಷ; ಆಮೇಲೆ 84ರ ಲೆಕ್ಕ. ಈ 84 ಎಂಬದು ಆಕೆಯ ವಯಸ್ಸೋ, ವಿಧವೆಯಾಗಿ ಕಳೆದ ವರುಷಗಳೋ? ಗ್ರೀಕ್ ಮೂಲವನ್ನು ಎರಡು ವಿಧವಾಗಿಯೂ ಓದಬಹುದು. ಎರಡನೆಯದೇ ನಿಜವಾದರೆ ಆಕೆಗೆ 100 ದಾಟಿತ್ತು. ಯಾವ ಲೆಕ್ಕ ಹಿಡಿದರೂ, ಮನೆಯಲ್ಲಿ ಕೂತಿರೆಂದು ಹೇಳಿಸಿಕೊಳ್ಳುವ ಪ್ರಾಯವೇ ಸರಿ. ಆದರೆ ಅನ್ನಳು ಆಲಯದಲ್ಲೇ ಇದ್ದಳು. ಉಪವಾಸ ಪ್ರಾರ್ಥನೆಗಳೇ ಆಕೆಯ ಉದ್ಯೋಗ. ಸಿಮೆಯೋನನು ಹಾಡಿದ ಮಾತುಗಳು ನಮಗೆ ದೊರೆತಿವೆ. ಆಕೆಯ ಮಾತುಗಳು ದೊರೆತಿಲ್ಲ. ಅಷ್ಟರಿಂದ ಆಕೆ ಸುಮ್ಮನಿದ್ದಳೆಂದು ತಿಳಿಯಬಾರದು. ಬಿಡುಗಡೆಗಾಗಿ ಕಾದಿದ್ದ ಜನರಿಗೆ ಈ ಕೂಸಿನ ಸುದ್ದಿಯನ್ನು ಹೇಳಿದವಳು ಆಕೆಯೇ.

ಇನ್ನೊಂದು ಮಾತು. ಆಕೆ ಅಸೇರನ ಕುಲದವಳು. ಆ ಕುಲವು ಬಡಗಣ ಇಸ್ರಾಯೇಲ್ ರಾಜ್ಯಕ್ಕೆ ಸೇರಿತ್ತು. ಆ ರಾಜ್ಯವನ್ನು ಕ್ರಿ. ಪೂ. 722ರ ಸುಮಾರಿಗೆ ಅಶ್ಶೂರ್ಯರು ಮುರಿದು ಜನರನ್ನು ದೂರದೇಶಗಳಿಗೆ ಸಾಗಿಸಿದರು. 700 ವರುಷಗಳು ಕಳೆದ ಮೇಲೂ ತಾನು ಯಾರ ಮಗಳು, ಯಾವ ಕುಲದವಳು ಎಂಬದು ಈ ಮುದುಕಿಗೆ ತಿಳಿದಿತ್ತು. 2005ರಲ್ಲಿ ಮುಗಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ತಮ್ಮ ಓಣಿಗಳನ್ನು ಬಿಟ್ಟುಕೊಟ್ಟು ನವನಗರಕ್ಕೆ ಬಂದ ಹಳೆಯ ಬಾಗಲಕೋಟೆಯ ಅಜ್ಜಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಮ್ಮ ಸಭೆಗಳ ನೆನಪು ಎಲ್ಲಿ ಇದೆ? ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿ ನೆಲೆಸಿದರು. 1841ರಲ್ಲಿ ಬೆಟಗೇರಿಯಲ್ಲಿ, 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡದಲ್ಲಿ ಕೆಲಸವನ್ನು ಪ್ರಾರಂಭಿಸಿದರು. ಅವರು ಶಾಲೆಗಳನ್ನು ತೆರೆದರು, ಪುಸ್ತಕಗಳನ್ನು ಅಚ್ಚುಹಾಕಿಸಿದರು. ಆದರೂ 1901ರ ಜನಗಣತಿಯಲ್ಲಿ ಇಂಡಿಯಾ ದೇಶದ ಸ್ತ್ರೀಯರಲ್ಲಿ ನೂರಕ್ಕೆ ಒಬ್ಬಳು ಕೂಡ ಓದುಬರಹ ಬಲ್ಲವಳಾಗಿರಲಿಲ್ಲ. ಆದದರಿಂದ ನಮ್ಮ ಪೂರ್ವದ ತಾಯಂದಿರಲ್ಲಿ ಅನೇಕರು ಕರ್ತನ ಪ್ರಾರ್ಥನೆಯನ್ನೂ ಹತ್ತು ಆಜ್ಞೆಗಳನ್ನೂ ಸಂಗೀತಗಳನ್ನೂ ಕಿವಿಯಿಂದ ಕೇಳಿ ಬಾಯಿಪಾಠ ಮಾಡಬೇಕಾಯಿತು. ಕಂಡಿಕೆ ಸುತ್ತುತ್ತಾ, ಜೋಳ ಬೀಸುತ್ತಾ ಹೇಳಿಕೊಂಡದ್ದನ್ನು ಮಡಿಲಲ್ಲಿದ್ದ ಕೂಸು ಕೇಳಿತು. ಪುಸ್ತಕವು ಹರಿದರೆ ಮತ್ತೊಂದನ್ನು ಕೊಂಡುಕೊಳ್ಳಬಹುದು. ಅಜ್ಜಿಯ ಬಾಯಲ್ಲಿರುವದನ್ನು ಯಾರೂ ಕೇಳಿಕೊಳ್ಳದೆ ಹೋದರೆ ಅದು ಆಕೆಯೊಂದಿಗೇ ಮಣ್ಣಿಗೆ ಹೋಗುವದು.

ಇಳಕಲ್ಲಿನ ನೇಕಾರರು ಇದನ್ನು ಬೇಗ ತಿಳಿಯುವರು. ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಯ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸುವದಕ್ಕೆ ಕೊಂಡಿ ಎನ್ನುತ್ತಾರೆ. ಅದು ಬಹು ತಾಳ್ಮೆಯ ಕೆಲಸ. ಉಟ್ಟವಳ ಕಣ್ಣಿಗೆ ಅದು ಬೀಳುವದೇ ಇಲ್ಲ. ಲೋವಿ, ಯೂನೀಕೆ, ತಿಮೊಥೆ ಎಂಬ ಮೂರು ತಲೆಗಳ ನಡುವೆ ನಂಬಿಕೆಯು ಹೀಗೆಯೇ ಕೂಡಿಬಂತು. ತಿಮೊಥೆಯ ತಂದೆಯು ಗ್ರೀಕನು. ಮನೆಯೆಲ್ಲಾ ಒಂದೇ ಮನಸ್ಸಿನದಾಗಿತ್ತೆಂದು ವೇದವು ಹೇಳುವದಿಲ್ಲ. ಆದರೂ ಅಪೊಸ್ತಲ ಪೌಲನು ಸೆರೆಯಲ್ಲಿದ್ದು ಆ ಯೌವನಸ್ಥನಿಗೆ ಬರೆಯುವಾಗ ಅಜ್ಜಿಯ ಹೆಸರನ್ನೇ ಮೊದಲು ಎತ್ತುತ್ತಾನೆ. ಅಜ್ಜಿ ಎಂಬ ಮಾತು ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಬರುವದು ಇದೊಂದೇ ಸ್ಥಳದಲ್ಲಿ.

ಹಾಗಾದರೆ ಹಬ್ಬದ ದಿನ ಏನು ಮಾಡತಕ್ಕದ್ದು? ಅಜ್ಜಿಯರನ್ನು ಮುಂದೆ ಕೂಡ್ರಿಸಿ ಹಾರ ಹಾಕಿ ಕೈಮುಗಿದು ಬಿಡುವದು ನಮಗೆ ಅಷ್ಟು ಮೆಚ್ಚಿಕೆಯಲ್ಲ. ಅನ್ನಳಿಗೆ ಯಾರೂ ಹಾರ ಹಾಕಲಿಲ್ಲ, ಆಕೆಗೆ ಕೆಲಸವಿತ್ತು. ಉಪದೇಶಿಗಳು ಕರ್ತನ ಪ್ರಾರ್ಥನೆಯನ್ನು ಪ್ರಾರಂಭಿಸಲು ಒಬ್ಬ ಅಜ್ಜಿಗೆ ಹೇಳಲಿ. ಸಭೆಯು ಆಕೆಯ ಹಿಂದೆ ಹೇಳಲಿ. ಸ್ವರವು ನಡುಗಿದರೆ ನಡುಗಲಿ. ಕಿವಿ ಮಂದವಾದವಳಿಗೆ ಆ ದಿನದ ವೇದಪಾಠವನ್ನು ಹಿಂದಿನ ರಾತ್ರಿಯೇ ಮೊಮ್ಮಗಳು ಗಟ್ಟಿಯಾಗಿ ಓದಿ ತಿಳಿಸಲಿ. ಆಗ ಪ್ರಸಂಗವು ಪೂರಾ ಕೇಳಿಸದಿದ್ದರೂ ಆಕೆ ಅನ್ಯಳಂತೆ ಕೂಡ್ರುವದಿಲ್ಲ. ನಡೆಯಲಾರದವಳನ್ನು ಬಂಡಿಯಲ್ಲೋ ಮೋಟಾರಿನಲ್ಲೋ ಕರತರಲಿ. ಹಾಸಿಗೆ ಹಿಡಿದವಳ ಮನೆಗೆ ಸಭಾಪಾಲಕರು ಕರ್ತನ ಭೋಜನವನ್ನು ಒಯ್ಯಲಿ, ನಾಲ್ಕು ಮಂದಿ ಹಾಡುವವರು ಸಂಗಡ ಹೋಗಲಿ.

ಕೆಲವು ಮನೆಗಳಲ್ಲಿ ಅಜ್ಜಿಯು ಇನ್ನೂ ದೀಕ್ಷಾಸ್ನಾನ ಹೊಂದದವಳು ಎಂಬದನ್ನು ಬಲ್ಲೆವು. ಆಕೆಯನ್ನು ಒತ್ತಾಯ ಮಾಡಬೇಡಿರಿ, ಬಿಟ್ಟೂ ಹೋಗಬೇಡಿರಿ. ಬರುವದಾದರೆ ನಿಮ್ಮ ಪಕ್ಕದಲ್ಲೇ ಸ್ಥಳ ಕೊಡಿರಿ.

ಮನೆಯಲ್ಲಿ ಮಾತಾಡತಕ್ಕ ಪ್ರಶ್ನೆಗಳು: ಅನ್ನಳು ಕೂಸಿನ ವಿಷಯವಾಗಿ ಯಾರ ಸಂಗಡ ಮಾತಾಡಿದಳು? ನಮ್ಮ ಮನೆತನದಲ್ಲಿ ಸುವಾರ್ತೆಯನ್ನು ಮೊದಲು ನಂಬಿದವರು ಯಾರು, ಅದನ್ನು ಈಗ ಹೇಳಬಲ್ಲವರು ಯಾರು? ಅಜ್ಜಿಗೆ ಬಾಯಿಪಾಠವಾಗಿ ಬರುವ ಸಂಗೀತಗಳಲ್ಲಿ ನಮಗೆ ಬಾರದವು ಎಷ್ಟು? ಈ ಸಲದ ಹಬ್ಬದಲ್ಲಿ ಮನೆಗೆ ಬೀಗ ಹಾಕಿದರೆ ಬೀಗದ ಕೈ ಯಾರ ಹತ್ತಿರ ಇರುವದು?